ಚಿತ್ರಕಥೆ ಬರೆಯುವವರನ್ನು ಕಾಡುವ ನೆಪಗಳು: ಗುರುತಿಸುವ, ದಾಟುವ ಬಗೆ

ಬರೆಯಲು ಕುಳಿತು ಬರೆಯದೆ ಎದ್ದ ದಿನಗಳಲ್ಲಿ ಅದಕ್ಕೆ ನೀವೇ ಕೊಟ್ಟುಕೊಂಡ ಕಾರಣವನ್ನು ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ ಸಮೇತ ಬರೆದಿಡಿ. ಆ ದಿನ ಯಾವ ದೃಶ್ಯದ ಬಳಿ ನಿಂತಿದ್ದಿರಿ ಎಂಬುದನ್ನೂ ಪಕ್ಕದಲ್ಲಿ ನಮೂದಿಸಿ. ತಿಂಗಳು ಕಳೆದ ಮೇಲೆ ಪುಟ ತಿರುವಿದರೆ, ‘ಆಫೀಸಿನಲ್ಲಿ ಕೆಲಸ ಜಾಸ್ತಿ’, ‘ಮನೆಗೆ ನೆಂಟರು’, ‘ಮನಸ್ಸು ಸರಿಯಿಲ್ಲ’ ಎಂದು ಕಾರಣಗಳು ಬದಲಾಗುತ್ತಾ ಹೋಗಿದ್ದರೂ ದೃಶ್ಯದ ಸಂಖ್ಯೆ ಮಾತ್ರ ಕದಲದೆ ಇರುವುದು ಕಾಣುತ್ತದೆ. ನನ್ನ ನೋಟ್‌ಬುಕ್ಕಿನಲ್ಲಿ ಅದು ಇಂಟರ್‌ವಲ್ ಕಳೆದ ಕೂಡಲೇ ಬರುವ 34ನೇ ದೃಶ್ಯವಾಗಿತ್ತು. ನಾಯಕಿ ಊರಿಗೆ ಮರಳಿದ್ದಳು. ಯಾಕೆ ಮರಳಿದಳು ಎಂಬುದು ನನಗೇ ಗೊತ್ತಿರಲಿಲ್ಲ, ಮತ್ತು ಅದನ್ನು ಒಪ್ಪಿಕೊಳ್ಳಲು ಎಂಟು ತಿಂಗಳು ಹಿಡಿಯಿತು. ಆದ್ದರಿಂದ ನೆಪ ತಲೆ ಹಾಕಿದ ದಿನ ನಿಮ್ಮನ್ನು ನೀವು ಸೋಮಾರಿ ಎಂದು ಬೈದುಕೊಳ್ಳುವ ಬದಲು, ಕಥೆ ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕಿರಿ.

ಎಲ್ಲ ಕಾರಣಗಳೂ ನೆಪಗಳಲ್ಲ. ತಾಯಿಯ ಆಪರೇಷನ್ ಇದೆ, ಹದಿನೈದು ದಿನ ಬರೆಯಲಾಗದು ಎನ್ನುವುದು ನಿಜವಾದ ಅಡಚಣೆ. ಅದಕ್ಕೊಂದು ಕೊನೆಯ ದಿನವಿದೆ. ‘ಸ್ವಲ್ಪ ಸೆಟ್ಲ್ ಆದ ಮೇಲೆ’ ಎಂಬುದಕ್ಕೆ ಅಂಥ ದಿನವಿಲ್ಲ, ಆದ್ದರಿಂದ ಅದು ನೆಪ.

ಕನ್ನಡ ಚಿತ್ರರಂಗದಲ್ಲಿ ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವ ನೆಪವೆಂದರೆ ‘ಕಥೆ ತಲೆಯಲ್ಲಿ ರೆಡಿಯಿದೆ’ ಎಂಬುದು. ನಿರ್ಮಾಪಕರಿಗೂ ನಟರಿಗೂ ಕಥೆಯನ್ನು ಬಾಯಲ್ಲಿ ಹೇಳಿ ಒಪ್ಪಿಸುವ ನರೇಶನ್ ಪದ್ಧತಿ ನಮ್ಮಲ್ಲಿ ಗಟ್ಟಿಯಾಗಿರುವುದರಿಂದ, ಹೇಳಲು ಬಂದರೆ ಬರೆದಂತೆಯೇ ಎಂಬ ಭ್ರಮೆ ಸುಲಭವಾಗಿ ಹುಟ್ಟುತ್ತದೆ. ಟೀ ಅಂಗಡಿಯ ಮುಂದೆ ಗೆಳೆಯರಿಗೆ ‘ಅಲ್ಲಿ ಅಪ್ಪನಿಗೆ ತುಂಬಾ ಬೇಜಾರಾಗುತ್ತೆ’ ಎಂದರೆ ಸಾಕು, ಉಳಿದದ್ದನ್ನು ನಿಮ್ಮ ದನಿಯೂ ಮುಖವೂ ತುಂಬಿಕೊಡುತ್ತವೆ. ಕಾಗದದ ಮೇಲೆ ಬೇಜಾರು ಎಂಬ ಪದವನ್ನು ಕ್ಯಾಮೆರಾ ತೆಗೆಯಲಾರದು. ಹಣ ಕೇಳಲೆಂದು ಮಗನ ಮೊಬೈಲ್ ಅಂಗಡಿಗೆ ಬಂದ ತಂದೆ, ಗಿರಾಕಿಗಳು ಇರುವಷ್ಟು ಹೊತ್ತೂ ಹೊರಗೆ ಬಿಸಿಲಿನಲ್ಲೇ ನಿಂತು, ಮಗ ಒಳಗೆ ಕರೆದಾಗ ‘ಸುಮ್ನೆ ಈ ಕಡೆ ಬಂದಿದ್ದೆ ಕಣಪ್ಪ’ ಎಂದು, ಬೇಕಿಲ್ಲದ ಚಾರ್ಜರ್ ಒಂದರ ಬೆಲೆ ವಿಚಾರಿಸಿ, ಬಸ್ಸಿಗೆ ಹೊತ್ತಾಯಿತೆಂದು ಹೊರಡುತ್ತಾನೆ ಎಂದು ಬರೆದಾಗ ಮಾತ್ರ ಅದು ದೃಶ್ಯ. ಇದು ಹೇಳುವಾಗ ಹೊಳೆಯುವುದಿಲ್ಲ, ಬರೆಯುವಾಗ ಹೊಳೆಯುತ್ತದೆ. ಹೀಗಾಗಿ ಸೀನ್ ಆರ್ಡರ್ ಮುಗಿಯುವ ತನಕ, ಅಂದರೆ ಪ್ರತಿ ದೃಶ್ಯಕ್ಕೂ ಯಾರು, ಎಲ್ಲಿ, ಏನು ಮಾಡುತ್ತಾರೆ ಎಂಬ ಒಂದೆರಡು ಸಾಲು ಕಾಗದಕ್ಕೆ ಇಳಿಯುವ ತನಕ, ಕಥೆಯನ್ನು ಯಾರಿಗೂ ಹೇಳದಿರುವುದು ಒಳ್ಳೆಯದು.

ಸಮಯವಿಲ್ಲ ಎನ್ನುವವರು ಒಂದು ಲೆಕ್ಕ ಹಾಕಬೇಕು. ಒಂದು ಪುಟಕ್ಕೆ ತೆರೆಯ ಮೇಲೆ ಒಂದು ನಿಮಿಷ ಎಂಬ ಹಾಲಿವುಡ್ಡಿನ ಅಂದಾಜು ಅವರ ಅಕ್ಷರದ ಅಳತೆಗೆ ಮತ್ತು ಪುಟದ ವಿನ್ಯಾಸಕ್ಕೆ ಕಟ್ಟಿದ್ದು. ಕನ್ನಡದ ಕೈಬರಹಕ್ಕೆ ಅದು ಹೊಂದದು. ಪುಟದ ಬದಲು ದೃಶ್ಯಗಳನ್ನು ಎಣಿಸಿ. ನಿಮ್ಮ ಕಥೆಗೆ 70 ದೃಶ್ಯಗಳೆಂದುಕೊಂಡರೆ, ವಾರಕ್ಕೆ ಮೂರರಂತೆ ಆರು ತಿಂಗಳೊಳಗೆ ಮೊದಲ ಪ್ರತಿ ಮುಗಿಯುತ್ತದೆ. ಕೆಲಸ ಬಿಡಬೇಡಿ, ಬಾಡಿಗೆಯ ಚಿಂತೆ ಇರುವ ಮನೆಯಲ್ಲಿ ಎರಡನೆಯ ಅರ್ಧ ಬರೆಯುವುದು ಬಹಳ ಕಷ್ಟ. ಸಾಫ್ಟ್‌ವೇರ್ ಗೊತ್ತಿಲ್ಲ, ಇಂಗ್ಲಿಷ್ ಬಾರದು ಎಂಬುದಕ್ಕೆ ಹೆಚ್ಚು ಮಾತು ಬೇಕಿಲ್ಲ: ಕನ್ನಡದಲ್ಲಿ ಟೈಪ್ ಮಾಡುವ ‘ನುಡಿ’ ತಂತ್ರಾಂಶ ಸಾಕು, ಇನ್ನೂರು ಪುಟದ ನೋಟ್‌ಬುಕ್ಕೂ ಸಾಕು.

ಕಥೆ ಕದ್ದುಬಿಡುತ್ತಾರೆ ಎಂಬ ಭಯ ನಿರಾಧಾರವೇನಲ್ಲ, ಆದರೆ ಅದು ಬರೆಯದಿರಲು ಕಾರಣವಾಗದು. ಆರ್.ಜಿ. ಆನಂದ್ ಮತ್ತು ಡಿಲಕ್ಸ್ ಫಿಲ್ಮ್ಸ್ ನಡುವಿನ ಮೊಕದ್ದಮೆಯಲ್ಲಿ, ಬರಿಯ ಕಲ್ಪನೆಗೆ ಹಕ್ಕುಸ್ವಾಮ್ಯವಿಲ್ಲ, ಅದನ್ನು ನಿರೂಪಿಸಿದ ರೂಪಕ್ಕೆ ಉಂಟು ಎಂದು ಸುಪ್ರೀಂ ಕೋರ್ಟ್ 1978ರಲ್ಲೇ ಸ್ಪಷ್ಟಪಡಿಸಿದೆ. ಬಾಯಲ್ಲಿ ಹೇಳಿದ ಎಳೆಗಿಂತ ಬರೆದಿಟ್ಟ ಚಿತ್ರಕಥೆಗೆ ಸಾಕ್ಷ್ಯದ ಬಲ ಹೆಚ್ಚು. 1957ರ ಹಕ್ಕುಸ್ವಾಮ್ಯ ಕಾಯ್ದೆಯಡಿ ನೋಂದಣಿ ಕಡ್ಡಾಯವಲ್ಲವಾದರೂ, ವ್ಯಾಜ್ಯವೆದ್ದಾಗ ನೆರವಾಗುತ್ತದೆ. ಮುಂಬೈಯ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಸದಸ್ಯರ ಬರಹಗಳನ್ನು ಆನ್‌ಲೈನ್‌ನಲ್ಲಿ ನೋಂದಾಯಿಸಿಕೊಳ್ಳುತ್ತದೆ. ಕಥೆ ಕೊಟ್ಟ ದಿನವೇ ಅದರ ಪ್ರತಿಯನ್ನು ಇಮೇಲ್‌ನಲ್ಲೂ ಕಳುಹಿಸುವ ಅಭ್ಯಾಸ ಇರಲಿ.

ಗಾಂಧಿನಗರದಲ್ಲಿ ನನಗೆ ಯಾರೂ ಗೊತ್ತಿಲ್ಲ ಎಂಬ ಮಾತನ್ನು ನಾನು ಗೌರವದಿಂದಲೇ ಕೇಳುತ್ತೇನೆ, ಏಕೆಂದರೆ ಆ ಬಾಗಿಲುಗಳು ನಿಜಕ್ಕೂ ಬೇಗ ತೆರೆಯುವುದಿಲ್ಲ. ಆದರೂ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನ ಈರೇಗೌಡರು ನಿರ್ದೇಶಕ ರಾಮ್ ರೆಡ್ಡಿಯವರ ಜೊತೆ ಕುಳಿತು ಬರೆದ ‘ತಿಥಿ’ ಚಿತ್ರವನ್ನು ನೆನೆಯಿರಿ. ಆ ಊರಿನ ಜನರ ಮಾತು, ಜಗಳ, ಜಮೀನಿನ ಲೆಕ್ಕಾಚಾರ ಅದರ ಬಂಡವಾಳವಾಗಿತ್ತು, ಮತ್ತು 2015ರಲ್ಲಿ ಅದು ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಪರಿಚಯ ಬೇಕೆಂದರೆ ಬೇರೆ ದಾರಿಗಳೂ ಇವೆ: ದಿನವೂ ಪ್ರಸಾರವಾಗುವ ಧಾರಾವಾಹಿಗಳಿಗೆ ಸಂಭಾಷಣೆ ಬರೆಯುವ ಕೈಗಳು ಸದಾ ಬೇಕಾಗುತ್ತವೆ, ಮತ್ತು ಗಡುವಿನೊಳಗೆ ಬರೆಯುವುದನ್ನು ಅಲ್ಲಿ ಕಲಿತವರು ಅದನ್ನು ಮರೆಯುವುದಿಲ್ಲ.

ಕೊನೆಗೆ ಎದುರಾಗುವುದು ‘ಇನ್ನೊಂದು ಸಲ ತಿದ್ದಿ ಕೊಡುತ್ತೇನೆ’ ಎಂಬ ನೆಪ. ಇದು ಶ್ರದ್ಧೆಯ ವೇಷದಲ್ಲಿ ಬರುವುದರಿಂದ ಗುರುತಿಸುವುದು ಕಷ್ಟ. ಪ್ರತಿಯೊಂದು ಪ್ರತಿಗೂ ಸಂಖ್ಯೆ, ದಿನಾಂಕ ಹಾಕಿ, ಮೂರನೆಯದನ್ನು ಯಾವ ದಿನ, ಯಾರ ಕೈಗೆ ಕೊಡುತ್ತೀರಿ ಎಂಬುದನ್ನು ಮೊದಲನೆಯದು ಮುಗಿದ ದಿನವೇ ನಿರ್ಧರಿಸಿ. ಓದುವವರಲ್ಲಿ ಒಬ್ಬರಾದರೂ ನಿಮ್ಮ ಬಾಯಿಂದ ಆ ಕಥೆಯನ್ನು ಕೇಳಿರದವರಾಗಿರಲಿ. ಅವರು ಎಲ್ಲಿ ಪುಸ್ತಕ ಮುಚ್ಚಿಟ್ಟು ಎದ್ದರು ಎಂದು ಕೇಳಿ ತಿಳಿದು, ಆ ದೃಶ್ಯದ ಸಂಖ್ಯೆಯನ್ನು ನಿಮ್ಮ ನೋಟ್‌ಬುಕ್ಕಿನ ಸಂಖ್ಯೆಯ ಪಕ್ಕದಲ್ಲಿಟ್ಟು ನೋಡಿ. ಎರಡೂ ಒಂದೇ ಆಗಿದ್ದರೆ, ನಾಲ್ಕನೆಯ ಪ್ರತಿಯ ಕೆಲಸ ಅಲ್ಲಿಂದಲೇ ಶುರುವಾಗಬೇಕು.