ಡಾಜ್ ಯಾವಾಗ, ಡಿಸ್‌ಎಂಗೇಜ್ ಯಾವಾಗ?

ಬೀದರಿನ ನಮ್ಮ ಮನೆಯ ಜಮಖಾನೆಯ ಮೇಲೆ ಪ್ರತಿ ಭಾನುವಾರ, ಪಾತ್ರಗಳಾಗಿ ದಾಳ ಉರುಳಿಸಿ ಆಡುವ ಸಾಹಸದಾಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 5ನೇ ಆವೃತ್ತಿಯನ್ನು ಆಡಲು ಸೇರುವ ಹೊಸಬರು ಮೊದಲು ಎಡವುವುದು ರಕ್ಷಣೆಯ ಆಯ್ಕೆಯಲ್ಲಿ.

ನಿಮ್ಮ ಸರದಿಯಲ್ಲಿ ಮೊದಲು ಶತ್ರುಗಳನ್ನು ಎಣಿಸಿ. ಹಲವರು ಸುತ್ತುವರಿದಿದ್ದರೆ ‘ಡಾಜ್’, ಅಂದರೆ ಹೊಡೆಯುವ ಬದಲು ಏಟು ತಪ್ಪಿಸಿಕೊಳ್ಳುವ ನಡೆ, ಆರಿಸಿ. ಆಗ ನಿಮ್ಮ ಕಣ್ಣಿಗೆ ಕಾಣುವ ಪ್ರತಿ ಶತ್ರುವೂ ನಿಮಗೆ ಹೊಡೆಯುವಾಗ 20 ಮುಖದ ದಾಳವನ್ನು ಎರಡು ಬಾರಿ ಉರುಳಿಸಿ, ಚಿಕ್ಕ ಅಂಕಿಯನ್ನೇ ಉಳಿಸಿಕೊಳ್ಳಬೇಕಾಗುತ್ತದೆ. ಏಟು ತಾಗಲು ದಾಳದಲ್ಲಿ ಕನಿಷ್ಠ 11 ಬೇಕಿದ್ದರೆ ಅದರ ಸಾಧ್ಯತೆ ಶೇ 50ರಿಂದ 25ಕ್ಕೆ ಇಳಿಯುತ್ತದೆ; 3 ಬಿದ್ದರೂ ತಾಗಿಸಬಲ್ಲ ಬಲಿಷ್ಠನೆದುರು ಶೇ 90ರಿಂದ 81ಕ್ಕೆ ಮಾತ್ರ. ಅಂಥವನ ಮುಂದೆ ನಿಲ್ಲದೆ, ಬೆನ್ನ ಮೇಲೆ ಏಟು ಬೀಳದಂತೆ ಹಿಂದೆ ಸರಿಯಲು ‘ಡಿಸ್‌ಎಂಗೇಜ್’ ಬಳಸುವುದೇ ಲೇಸು.

ಡಾಜ್‌ನ ದೊಡ್ಡ ಕೊರತೆಯೆಂದರೆ, ಶತ್ರು ನಿಮ್ಮನ್ನು ಬಿಟ್ಟು ಹಿಂದಿರುವ ಗೆಳೆಯನತ್ತ ಹೋಗಬಹುದು. ಆದ್ದರಿಂದ ಜಾಗ ನೋಡಿ ನಿಲ್ಲಿ. ನಮ್ಮ ಕೋಟೆಯನ್ನು ನೆನೆದು ಬರೆದ ನಕ್ಷೆಯಲ್ಲಿ ಒಬ್ಬರೇ ನುಸುಳಬಹುದಾದ ದರ್ವಾಜಾ ಇತ್ತು. ಗುರಾಣಿ ಹಿಡಿದವನು ಅಲ್ಲಿ ಡಾಜ್ ಮಾಡುತ್ತ ನಿಂತಾಗ, ಹಿಂದಿನಿಂದ ಇಬ್ಬರು ನಿಶ್ಚಿಂತೆಯಿಂದ ಬಾಣ ಬಿಟ್ಟರು.

ಕೆಲವು ಮಂತ್ರಗಾರರು ಮಾತ್ರ ಸರದಿಯನ್ನು ಇದಕ್ಕೆ ಕಳೆಯಬೇಕಿಲ್ಲ: ಏಟು ತಾಗಿದಾಗ ಪ್ರತಿಕ್ರಿಯೆಯಾಗಿ ‘ಶೀಲ್ಡ್’ ಮಂತ್ರ ಹೇಳಿದರೆ ಮುಂದಿನ ಸರದಿಯ ಆರಂಭದವರೆಗೆ ರಕ್ಷಣೆಯ ಅಂಕಿಗೆ (ಏಟು ತಾಗಿಸಲು ಶತ್ರು ಮುಟ್ಟಬೇಕಾದ ಅಂಕಿ) 5 ಕೂಡುತ್ತದೆ.