ಉಳಿದದ್ದಕ್ಕೆ ಕಾರಣ ಹುಡುಕುವುದನ್ನು ಬಿಟ್ಟ ಮೇಲೆ

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ನನ್ನನ್ನು ನೋಡಲು ಬಂದವರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಿದ್ದರು: "ದೇವರು ನಿಮ್ಮನ್ನು ಉಳಿಸಿದ್ದಾನೆ ಎಂದರೆ ನಿಮ್ಮಿಂದ ಏನೋ ದೊಡ್ಡ ಕೆಲಸ ಆಗಬೇಕಾಗಿದೆ." ಪ್ರೀತಿಯಿಂದಲೇ ಹೇಳುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ; ಆಗ ಮಾತು ಸರಿಯಾಗಿ ಹೊರಡುತ್ತಲೂ ಇರಲಿಲ್ಲ. ಆದರೆ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ವಾರ್ಡಿನಲ್ಲಿ ಪಕ್ಕದ ಮಂಚದಲ್ಲಿದ್ದ ಹಾವೇರಿ ಕಡೆಯ ಯುವಕ ನೆನಪಾಗುತ್ತಿದ್ದ. ಅವನಿಗೂ ನನಗೂ ಒಂದೇ ಕಾಯಿಲೆ, ಕೆನ್ನೆಯ ಒಳಭಾಗದ ಕ್ಯಾನ್ಸರ್. ಅವನಿಗೆ ಇಬ್ಬರು ಪುಟ್ಟ ಮಕ್ಕಳು. ನನಗೆ ಅರವತ್ತು ಹತ್ತಿರವಾಗಿತ್ತು, ಮಗಳ ಮದುವೆಯೂ ಮುಗಿದಿತ್ತು. ಅವನು ಉಳಿಯಲಿಲ್ಲ. ಹಾಗಾದರೆ ಅವನಿಂದ ಆಗಬೇಕಾದ ಕೆಲಸ ದೇವರಿಗೆ ಯಾವುದೂ ಇರಲಿಲ್ಲವೆ? ಶಿರಸಿ ಸೀಮೆಯ ಒಬ್ಬ ಸಾಧಾರಣ ಅಡಿಕೆ ಬೆಳೆಗಾರನಲ್ಲಿ ದೇವರಿಗೆ ಅಂಥದ್ದೇನು ಕಂಡಿತು?

ಚಿಕಿತ್ಸೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬಲಗಡೆಯ ಕೆಳದವಡೆಯ ಒಂದು ಭಾಗ ತೆಗೆದರು, ಎದೆಯಿಂದ ಚರ್ಮ, ಮಾಂಸ ತಂದು ಕೆನ್ನೆಗೆ ಹೊಲಿದರು, ಆಮೇಲೆ ವಾರಕ್ಕೆ ಐದು ದಿನದಂತೆ ಆರು ವಾರ ವಿಕಿರಣ. ವಾರ್ಡಿನಲ್ಲಿ ಎಲ್ಲರೂ ಅದನ್ನು ಕರೆಂಟ್ ಎನ್ನುತ್ತಾರೆ. ನಮ್ಮ ದೇಶದ ಗಂಡಸರಲ್ಲಿ ಅತಿ ಹೆಚ್ಚು ಕಾಣಿಸಿಕೊಳ್ಳುವುದು ಬಾಯಿಯ ಕ್ಯಾನ್ಸರೇ, ಹಾಗಾಗಿ ಈ ಕಥೆ ಬಹಳ ಮನೆಗಳಿಗೆ ಗೊತ್ತು. ಯಾರೂ ಮುಂಚಿತವಾಗಿ ಹೇಳದೆ ಇರುವುದು ಅದರ ನಂತರದ್ದನ್ನು. ಆಸ್ಪತ್ರೆಯಲ್ಲಿರುವಷ್ಟು ದಿನ ಮಾಡಲು ಏನಾದರೊಂದು ಇರುತ್ತದೆ: ರಕ್ತ ಪರೀಕ್ಷೆಗೆ ಕೊಡು, ಸಾಲಿನಲ್ಲಿ ನಿಲ್ಲು, ಮೂಗಿನ ನಳಿಗೆಯಲ್ಲಿ ಗಂಜಿ ಹೊಯ್ಯಿಸಿಕೊ. "ಇನ್ನು ಎರಡು ತಿಂಗಳು ಬಿಟ್ಟು ಬನ್ನಿ" ಎಂದ ದಿನ ಮನೆಯವರಿಗೆ ಹಬ್ಬ. ನಾನು ಮಾತ್ರ ಹಿತ್ತಲ ಕಡೆ ಕೂತು, ಹೊಸ ಗಂಟು ಎದ್ದಿದೆಯೇ ಎಂದು ಕುತ್ತಿಗೆ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಮರುಕಳಿಸುವುದಿದ್ದರೆ ಹೆಚ್ಚಾಗಿ ಮೊದಲ ಎರಡು ವರ್ಷದೊಳಗೆ ಎಂದು ವೈದ್ಯರು ಹೇಳಿದ್ದರು.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಹೆಂಡತಿ ಹೊತ್ತಿದ್ದ ಹರಕೆಗಳು ಸಾಲುಗಟ್ಟಿ ನಿಂತಿದ್ದವು. ಧರ್ಮಸ್ಥಳದಲ್ಲಿ ಬೆಲ್ಲದ ತುಲಾಭಾರವೂ ಅವುಗಳಲ್ಲೊಂದು. ತಕ್ಕಡಿಯಿಂದ ಇಳಿದ ಮೇಲೆ, "ಹಳೆಯ ಮೈ ಆಗಿದ್ದರೆ ಇನ್ನೂ ಎಷ್ಟು ಬೆಲ್ಲ ಹಿಡಿಯುತ್ತಿತ್ತು ನೋಡು, ಕಾಯಿಲೆಯಿಂದ ಅಷ್ಟು ಉಳಿತಾಯ" ಎಂದೆ. ಬಹಳ ಕಾಲದ ನಂತರ ಅವಳು ಮನಸಾರೆ ನಕ್ಕಿದ್ದು ಆಗ. ಹರಕೆ ಸಂದಾಯವಾಗಿ ಅವಳ ಮನಸ್ಸು ಹಗುರವಾಯಿತು, ನನ್ನದು ಆಗಲಿಲ್ಲ. ಸಾಲ ತೀರಿಸಿದವನ ನೆಮ್ಮದಿ ಬೇರೆ, ನಾನು ಹುಡುಕುತ್ತಿದ್ದುದು ಬೇರೆ. ಇನ್ನು ಚೆಕಪ್ಪಿಗೊಂದು ಹರಕೆ ಹೊರಬೇಡ ಎಂದು ಅವಳನ್ನು ಕೇಳಿಕೊಂಡೆ. ಗುಟ್ಟಾಗಿ ಹೊರುತ್ತಾಳೆ ಎಂಬ ಗುಮಾನಿ ಈಗಲೂ ಇದೆ.

ನಾನು ತಾಳಮದ್ದಳೆಯಲ್ಲಿ, ಅಂದರೆ ವೇಷ, ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ಪಾತ್ರವಾಗಿ ಅರ್ಥ ಹೇಳುತ್ತಿದ್ದವನು. ಮಳೆಗಾಲದಲ್ಲಿ ನಮ್ಮ ಸೀಮೆಯ ಮನೆಗಳಲ್ಲಿ, ದೇವಸ್ಥಾನಗಳಲ್ಲಿ ಕೂಟ ನಡೆದರೆ ವಾಲಿಯ ಪಾತ್ರ ಹೆಚ್ಚಾಗಿ ನನಗೇ ಬರುತ್ತಿತ್ತು. ಮರೆಯಲ್ಲಿ ನಿಂತು ಬಿಟ್ಟ ಬಾಣ ಎದೆಗೆ ನಟ್ಟು ಬಿದ್ದ ಮೇಲೆ ವಾಲಿ ರಾಮನನ್ನು ಕೇಳುತ್ತಾನಲ್ಲ, ನಿನಗೆ ನಾನು ಮಾಡಿದ ಅನ್ಯಾಯವೇನು ಎಂದು, ಆ ಪ್ರಶ್ನೆಯನ್ನು ಬೆಳೆಸಿ ಬೆಳೆಸಿ ಎದುರು ಕೂತ ರಾಮನ ಬೆವರಿಳಿಸಿದ್ದೇನೆ. ಕಾಯಿಲೆ ಬಂದಾಗ ಅದೇ ಪ್ರಶ್ನೆ ತಾನಾಗಿ ಎದ್ದಿತು; ಉತ್ತರ ಕೊಡಲು ಎದುರಿಗೆ ಯಾರೂ ಕೂತಿರಲಿಲ್ಲ, ಅಷ್ಟೇ ವ್ಯತ್ಯಾಸ. ಊರಿನಲ್ಲಿ ಉತ್ತರಕ್ಕೇನೂ ಬರವಿರಲಿಲ್ಲ. ಕೆಲವರು ಪ್ರಾರಬ್ಧ ಎಂದರು. ಜ್ಯೋತಿಷಿ ನಾಗದೋಷ ಎಂದರು. ವೈದ್ಯರು ಕವಳ, ಅಂದರೆ ಜಗಿಯುವ ಎಲೆ-ಅಡಿಕೆ, ಎಂದರು. ವೈದ್ಯರದ್ದೇ ನಿಜ. ಹೊಗೆಸೊಪ್ಪು ಸೇರದ ಬರಿಯ ಅಡಿಕೆಯೂ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಆದರೆ ನನ್ನ ಅಪ್ಪ ಎಂಬತ್ತು ದಾಟುವವರೆಗೂ ಕವಳ ಜಗಿಯುತ್ತಲೇ ಬದುಕಿದ್ದರು. ಕಾರಣ ಗೊತ್ತಾದ ಮೇಲೂ ನನಗೇ ಏಕೆ ಎಂಬುದು ಇದ್ದಲ್ಲೇ ಇರುತ್ತದೆ.

ದಾರಿ ತೆರೆದದ್ದು ತೀರಾ ಲೌಕಿಕವಾದ ಒಂದು ಕೆಲಸದಿಂದ. ವಿಕಿರಣದ ನಂತರ ದವಡೆಯ ಸ್ನಾಯು ಬಿಗಿದುಕೊಳ್ಳುತ್ತದೆ, ದಿನವೂ ಹಿಗ್ಗಿಸದಿದ್ದರೆ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಸಾಮಾನ್ಯವಾಗಿ ಮೂರು ಬೆರಳು ಒಂದರ ಮೇಲೊಂದು ಹಿಡಿಸುವಷ್ಟು ಬಾಯಿ ತೆರೆಯಬೇಕು; ನನಗೆ ಒಂದೇ ಬೆರಳು ತಡವರಿಸಿಕೊಂಡು ಹೋಗುತ್ತಿತ್ತು. ಐಸ್‌ಕ್ರೀಮ್ ಕಡ್ಡಿಗಳನ್ನು ಪೇರಿಸಿ ಹಲ್ಲಿನ ನಡುವೆ ತೂರಿಸಿ, ತಡೆಯಲಾಗುವಷ್ಟು ಹೊತ್ತು ಹಿಡಿದು, ಒಗ್ಗಿದ ಮೇಲೆ ನಡುವೆ ಇನ್ನೊಂದು ಕಡ್ಡಿ ನುಗ್ಗಿಸಬೇಕು. ಕಣ್ಣಲ್ಲಿ ನೀರು, ಬಾಯಂಚಿನಲ್ಲಿ ಜೊಲ್ಲು. ಅದೇ ಹೊತ್ತಿಗೆ ನನ್ನ ಸಂಧ್ಯಾವಂದನೆಯೂ ನಿಂತಿತ್ತು. ತುಟಿ ಸರಿಯಾಗಿ ಕೂಡದೆ ಪ, ಬ, ಮ ಬಂದಲ್ಲೆಲ್ಲ ಗಾಳಿ ಸೋರುತ್ತಿತ್ತು; ಅಂಥ ಬಾಯಲ್ಲಿ ಮಂತ್ರ ಹೇಳಲು ಮನಸ್ಸು ಬರುತ್ತಿರಲಿಲ್ಲ. ನಮ್ಮ ಪುರೋಹಿತರಿಗೆ ಇದನ್ನು ಚೀಟಿಯಲ್ಲಿ ಬರೆದು ತೋರಿಸಿದೆ. ಓದಿ ಅವರು, "ಜಪದಲ್ಲಿ ವಾಚಿಕ, ಉಪಾಂಶು, ಮಾನಸ ಎಂದು ಮೂರು ಬಗೆ. ಮನಸ್ಸಿನಲ್ಲಿ ಮಾಡುವುದೇ ಎಲ್ಲಕ್ಕೂ ಮೇಲು ಎಂದು ಮನುವೇ ಹೇಳಿದ್ದಾನೆ. ನಿಮಗೆ ಬಡ್ತಿ ಸಿಕ್ಕಿದೆ ಭಾವ" ಎಂದರು.

ಮರುದಿನದಿಂದ ಕಡ್ಡಿ ಕಚ್ಚಿಕೊಂಡೇ ಗಾಯತ್ರಿ. ಹತ್ತು ಜಪ ಮುಗಿಯುವವರೆಗೆ ಹಿಡಿಯುವುದು, ಸಡಿಲಿಸುವುದು, ಮತ್ತೆ ಹತ್ತು. ಮಡಿವಂತರಿಗೆ ಇದು ಅಪಚಾರವೆನಿಸಬಹುದು. ಮೊದಲೆಲ್ಲ ನನ್ನ ಬಾಯಿ ಮಂತ್ರ ಹೇಳುತ್ತಿದ್ದರೆ ತಲೆ ಅಡಿಕೆ ಧಾರಣೆಯ ಲೆಕ್ಕ ಹಾಕುತ್ತಿತ್ತು. ನೋವು ಕೈಹಿಡಿದು ಕೂರಿಸಿದಾಗ ತಲೆಗೆ ಓಡಲು ಜಾಗವಿಲ್ಲ. ಬಾಯಿ ಈಗ ಎರಡು ಬೆರಳಿಗಿಂತ ಹೆಚ್ಚು ತೆರೆಯುತ್ತದೆ. ಜಪದ ಫಲವೋ ಕಡ್ಡಿಯ ಫಲವೋ ಎಂದು ಕೇಳಿದರೆ ಕಡ್ಡಿಯದು ಎನ್ನುತ್ತೇನೆ. ಕಡ್ಡಿಯನ್ನು ದಿನವೂ ಬಾಯಿಗಿಡುವಂತೆ ಮಾಡಿದ್ದು ಜಪ.

ಒಂದು ಚೆಕಪ್ಪಿನಲ್ಲಿ ಆಸ್ಪತ್ರೆಯ ಆಪ್ತಸಮಾಲೋಚಕಿ ನ್ಯೂಯಾರ್ಕಿನ ಮನೋವೈದ್ಯ ವಿಲಿಯಂ ಬ್ರೈಟ್‌ಬಾರ್ಟ್ ಅವರ ವಿಷಯ ಹೇಳಿದರು. ಕ್ಯಾನ್ಸರ್ ರೋಗಿಗಳಿಗೆಂದೇ, ಬದುಕಿನ ಅರ್ಥವನ್ನು ನಡುವೆ ಇಟ್ಟುಕೊಂಡು ಅವರು ಒಂದು ಬಗೆಯ ಸಮಾಲೋಚನೆಯನ್ನು ರೂಪಿಸಿದ್ದಾರೆ. ನಾಜಿ ಶಿಬಿರಗಳಿಂದ ಬದುಕಿ ಬಂದ ವಿಕ್ಟರ್ ಫ್ರಾಂಕಲ್ ಅವರ ವಿಚಾರಗಳೇ ಅದಕ್ಕೆ ಬುನಾದಿ. ಹಿರಿಯರಿಂದ ನಿಮಗೆ ಬಂದದ್ದೇನು, ನೀವು ಮಾಡುವುದೇನು, ಪ್ರೀತಿಸುವುದೇನು, ಬದಲಿಸಲಾಗದ್ದರ ಎದುರು ಹೇಗೆ ನಿಲ್ಲುತ್ತೀರಿ, ಅಲ್ಲಿನ ಪ್ರಶ್ನೆಗಳು ಇಂಥವು. ನಾನು ಆ ಚಿಕಿತ್ಸೆಯನ್ನು ಪೂರ್ತಿ ಪಡೆದವನಲ್ಲ. ಪ್ರಶ್ನೆಗಳನ್ನು ತೋಟದ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟುಕೊಂಡೆ.

ಪ್ರೀತಿಸುವುದೇನು ಎಂಬುದಕ್ಕೆ ಉತ್ತರ ಸಿಕ್ಕಿದ್ದು ಊಟದ ಹೊತ್ತಿನಲ್ಲಿ. ವಿಕಿರಣ ನಾಲಿಗೆಯ ರುಚಿಯನ್ನೂ ಬಾಯಿಯ ನೀರನ್ನೂ ಒಯ್ದಿತ್ತು. ಹೆಂಡತಿ ಒಂದೆಲಗದ ತಂಬುಳಿಯನ್ನು ಖಾರ ಹಾಕದೆ, ಬಟ್ಟೆಯಲ್ಲಿ ಸೋಸಿ, ಸಣ್ಣ ಲೋಟದಲ್ಲಿ ಕೊಡುತ್ತಿದ್ದಳು. ತಲೆಯನ್ನು ಎಡಕ್ಕೆ ವಾಲಿಸಿ ಎಡಗೆನ್ನೆಯಲ್ಲೇ ಇಳಿಸಿಕೊಳ್ಳಬೇಕು, ಇಲ್ಲವಾದರೆ ಬಲ ತುಟಿಯಂಚಿನಿಂದ ಅಂಗಿಯ ಮೇಲೆ. ಒಂದು ಮಧ್ಯಾಹ್ನ ಜೀರಿಗೆಯ ಪರಿಮಳ ಗಂಟಲ ಹಿಂದಿನಿಂದ ಮೂಗಿಗೆ ಏರಿತು, ಅದರ ಬೆನ್ನಿಗೇ ಹುಳಿ. "ಇವತ್ತು ಮಜ್ಜಿಗೆ ಹುಳಿಯಾಗಿದೆ" ಎಂದೆ. ಅವಳು ಲೋಟ ಕಸಿದುಕೊಂಡು ತಾನೂ ಕುಡಿದು ನೋಡಿ, "ಹೌದು, ನಿನ್ನೆಯದು" ಎಂದಳು. ಅಡುಗೆಯ ಬಗ್ಗೆ ನಾನು ಹೇಳಿದ ದೂರನ್ನು ಅವಳು ಅಷ್ಟು ಸಂತೋಷದಿಂದ ಎಂದೂ ಕೇಳಿರಲಿಲ್ಲ.

ಮಾಡುವುದೇನು ಎಂಬುದು ಚೆಕಪ್ಪಿನ ಸಾಲಿನಲ್ಲಿ ಗೊತ್ತಾಯಿತು. ಹೊಸದಾಗಿ ಬಂದಿದ್ದ ಒಬ್ಬ ಲಾರಿ ಚಾಲಕ ನನ್ನ ಮುಖವನ್ನೇ ನೋಡುತ್ತಿದ್ದವನು, "ಕಾಕಾ, ಆಮೇಲೆ ಊಟ ಮಾಡಲು ಬರುತ್ತದೆಯೇ?" ಎಂದು ಕೇಳಿದ. ಚೀಲದಿಂದ ಡಬ್ಬಿ ತೆಗೆದು ಮೆತ್ತಗಿನ ಮೊಸರನ್ನ ತಿಂದು ತೋರಿಸಿದೆ. ಅಂದಿನಿಂದ ಆಸ್ಪತ್ರೆಗೆ ಹೋದಾಗಲೆಲ್ಲ ಅರ್ಧ ದಿನ ಹೆಚ್ಚು ಇಟ್ಟುಕೊಂಡು ಹೋಗುತ್ತೇನೆ. ಕರೆಂಟ್ ಕೊಡುವಾಗ ಮುಖಕ್ಕೆ ಹಾಕಿ ಮೇಜಿಗೆ ಬಿಗಿಯುವ ಜಾಲರಿಯ ಅಚ್ಚು ಎಂದರೆ ಎಲ್ಲರಿಗೂ ಭಯ. ಅದರಲ್ಲಿ ಉಸಿರಾಡಬಹುದು, ಕೈ ಎತ್ತಿದರೆ ಹೊರಗಿನಿಂದ ನೋಡಿ ನಿಲ್ಲಿಸುತ್ತಾರೆ ಎಂದು ತಿಳಿಸುತ್ತೇನೆ. ದೇವರು ನಿಮ್ಮನ್ನು ಉಳಿಸುತ್ತಾನೆ ಎಂದು ಯಾರಿಗೂ ಹೇಳುವುದಿಲ್ಲ, ನನ್ನನ್ನು ಉಳಿಸಿದ ಎಂದೂ ಹೇಳುವುದಿಲ್ಲ. ಹಾಗೆ ಮಾತಾಡಿಸಿದವರಲ್ಲಿ ಕೆಲವರು ತೀರಿಕೊಂಡಿದ್ದಾರೆ. ಅವರ ಜೊತೆ ಕೂತ ಹೊತ್ತು ದಂಡವಾಯಿತು ಎಂದು ನನಗೆ ಅನಿಸಿಲ್ಲ. ಹಾವೇರಿಯ ಯುವಕನ ಮುಂದೆ ನನಗಿದ್ದ ಸಂಕೋಚ ಇದರಿಂದ ಎಷ್ಟೋ ಇಳಿದಿದೆ. ಅವನು ಹೋಗಿ ನಾನು ಉಳಿದದ್ದರಲ್ಲಿ ಯಾರ ಆಯ್ಕೆಯೂ ಇಲ್ಲ ಎಂದ ಮೇಲೆ ನಾನು ಯಾರಿಗೂ ಲೆಕ್ಕ ಒಪ್ಪಿಸಬೇಕಾಗಿಲ್ಲ.

ಹಿರಿಯರಿಂದ ಬಂದದ್ದೇನು ಎಂಬಲ್ಲಿ ಮಾತ್ರ ಇಂದಿಗೂ ಒದ್ದಾಡುತ್ತಿದ್ದೇನೆ. ಬಂದದ್ದು ಅಡಿಕೆ ತೋಟ. ಚಿಕಿತ್ಸೆಗೆ ದುಡ್ಡು ಕೊಟ್ಟದ್ದೂ ಅದೇ ತೋಟ. ಕಡಿದು ಹಾಕುವ ಶಕ್ತಿ ನನಗಿಲ್ಲ. ಜಗಲಿಯಲ್ಲಿದ್ದ ಕವಳದ ತಟ್ಟೆಯನ್ನು ಒಳಗಿಟ್ಟೆ. ಬಂದವರಿಗೆ ಈಗ ಬೆಲ್ಲ, ನೀರು, ಇಲ್ಲವೇ ಮುರುಗಲು ಪಾನಕ. "ಕವಳ ಕೊಡದ ಮನೆಗೆ ಯಾರು ಬರುತ್ತಾರೆ" ಎಂದು ದೊಡ್ಡಪ್ಪ ಒಬ್ಬರು ಎದ್ದು ಹೋದರು. ಮುಂದಿನ ಸಲ ಸಂಚಿಯನ್ನು ತಾವೇ ತಂದರು. ತೋಟದಲ್ಲಿ ಕಾಳುಮೆಣಸು, ಜಾಯಿಕಾಯಿ ಹೆಚ್ಚಿಸಿದ್ದೇನೆ. ಆದರೂ ಕೊಯ್ಲು ಮುಗಿದು ಚೀಲಗಳು ಗಾಡಿ ಏರುವಾಗ ಸಮಾಧಾನವಿರುವುದಿಲ್ಲ. ಅಧ್ಯಾತ್ಮ ಎಂದರೆ ಮನಶ್ಶಾಂತಿ ಎನ್ನುವವರು ಬಹಳ. ಈ ಒಂದು ಅಶಾಂತಿ ಹೋಗಿಬಿಡಲಿ ಎಂದು ನಾನು ಯಾವ ದೇವರನ್ನೂ ಬೇಡಿಲ್ಲ.

ಕೂಟದಲ್ಲಿ ಈಗ ಅರ್ಥ ಹೇಳುವುದಿಲ್ಲ. ಮಾತು ಕೇಳುವವರಿಗೆ ತಿಳಿಯುತ್ತದೆ, ಆದರೆ ಬಾಯಿ ಒಣಗುತ್ತದೆ, ಎರಡು ವಾಕ್ಯಕ್ಕೊಮ್ಮೆ ನೀರು ಬೇಕು. ಕಲಿಯುವ ಹುಡುಗರು ಮನೆಗೆ ಬರುತ್ತಾರೆ, ಪದ್ಯ ಆರಿಸಿ ಕೊಡುತ್ತೇನೆ, ವಾದ ಹೂಡಿಸುತ್ತೇನೆ. ಈ ಸಲ ವಾಲಿವಧೆಗೆ ರಾಮನಾಗುವ ಹುಡುಗ ಚುರುಕಿನವನು. ವಾಲಿಯ ಪ್ರಶ್ನೆಗೆ ಅವನ ಉತ್ತರಗಳನ್ನೆಲ್ಲ ಒಪ್ಪಿದೆ, ಒಂದನ್ನು ಬಿಟ್ಟು. ನನ್ನ ಕೈಯಲ್ಲಿ ಸಾಯುವುದೇ ನಿನ್ನ ಭಾಗ್ಯ ಎಂದು ರಾಮನಿಂದ ಹೇಳಿಸಬೇಡ ಎಂದೆ. "ಚಪ್ಪಾಳೆ ಬೀಳುವುದೇ ಆ ಮಾತಿಗೆ ಮಾವ" ಎನ್ನುತ್ತಾನೆ. ಕೂಟ ಶ್ರಾವಣದಲ್ಲಿ. ಅಲ್ಲಿಯವರೆಗೆ ಇಬ್ಬರಿಗೂ ವಾದಕ್ಕೆ ಸಮಯವಿದೆ.