ಇಂಧನ ಪಂಪ್ ಬದಲಿಸುವ ಮುನ್ನ ಟ್ಯಾಂಕಿನ ತಳ ನೋಡಿ

ಬೈಕಿನ ಕೀಲಿ ತಿರುಗಿಸಿ, ಸ್ಟಾರ್ಟರ್ ಒತ್ತದೆ ಸುಮ್ಮನೆ ಕಿವಿಗೊಡಿ. ಟ್ಯಾಂಕಿನೊಳಗಿಂದ ‘ಝುಂ’ ಎಂಬ ಸಣ್ಣ ದನಿ ಎರಡು ಮೂರು ಸೆಕೆಂಡು ಕೇಳಿ ನಿಲ್ಲುತ್ತದೆ. ಅದು ಇಂಧನ ಪಂಪಿನ ದನಿ. ಬೈಕ್ ಚೆನ್ನಾಗಿರುವಾಗಲೇ ಅದನ್ನು ಕೇಳಿ ನೆನಪಿಟ್ಟುಕೊಂಡರೆ, ಕೆಟ್ಟ ದಿನ ಅರ್ಧ ರೋಗ ಅಲ್ಲಿಯೇ ಪತ್ತೆಯಾಗುತ್ತದೆ.

2020ರ ಏಪ್ರಿಲ್ 1ರಂದು ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್6 ನಿಯಮ ಜಾರಿಗೆ ಬರುವ ತನಕ ನಮ್ಮ ಹೆಚ್ಚಿನ ಬೈಕುಗಳಲ್ಲಿ ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬ್ಯುರೇಟರ್ ಇತ್ತು. ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿದು ಬರುತ್ತಿತ್ತು. ಫಿಲ್ಟರ್ ಬದಲಿಸುವುದೆಂದರೆ ಕಾಕ್ ಮುಚ್ಚಿ, ಪೈಪಿನ ನಡುವಿನ ಬೆರಳುದ್ದದ ಡಬ್ಬಿಯನ್ನು ಕಿತ್ತು, ಬಾಣದ ಗುರುತು ಕಾರ್ಬ್ಯುರೇಟರ್ ಕಡೆಗಿರುವಂತೆ ಹೊಸದನ್ನು ಕೂರಿಸುವುದು. ಹತ್ತು ನಿಮಿಷದ ಕೆಲಸ. ಪೆಟ್ರೋಲನ್ನು ಒತ್ತಡದಿಂದ ಚಿಮ್ಮಿಸುವ ಈಗಿನ ಇಂಜೆಕ್ಷನ್ ಬೈಕುಗಳಲ್ಲಿ ಪಂಪೂ ಫಿಲ್ಟರೂ ಟ್ಯಾಂಕಿನೊಳಗೆ, ಪೆಟ್ರೋಲಿನಲ್ಲಿ ಮುಳುಗಿಯೇ ಇರುತ್ತವೆ. ಒತ್ತಡ ಸಾಮಾನ್ಯವಾಗಿ 3 ಬಾರ್ ಆಸುಪಾಸು, ಅಂದರೆ ಕಾರಿನ ಟೈರಿಗೆ ತುಂಬುವ ಗಾಳಿಗಿಂತ ಹೆಚ್ಚು. ಹಾಗಾಗಿ ಇಲ್ಲಿ ಅವಸರ ಸಲ್ಲದು.

ಕಳೆದ ಮಳೆಗಾಲದಲ್ಲಿ ನನ್ನ ಬೈಕ್ ಘಾಟಿ ಏರುವಾಗ ಉಸಿರುಗಟ್ಟಿದಂತೆ ಜಗ್ಗತೊಡಗಿತು. ಗ್ಯಾರೇಜಿನಲ್ಲಿ ಪಂಪ್ ಬದಲಿಸಿ ಕೊಟ್ಟರು. ಮೂರೇ ವಾರಕ್ಕೆ ಮತ್ತೆ ಅದೇ ಕಥೆ. ನಾನೇ ಬಿಚ್ಚಿ ನೋಡಿದೆ. ಹೊಸ ಪಂಪಿನ ಬಿಳಿ ಜಾಲರಿ ಚಹಾ ಸೋಸಿದ ಬಟ್ಟೆಯಂತೆ ಕಂದಾಗಿತ್ತು, ಟ್ಯಾಂಕಿನ ಮೂಲೆಯಲ್ಲಿ ತುಕ್ಕಿನ ಕೆಸರು ಕುಳಿತಿತ್ತು. ಪಂಪಿನ ತಪ್ಪೇನೂ ಇರಲಿಲ್ಲ. ಮುಚ್ಚಳದ ಸುತ್ತ ನಿಲ್ಲುವ ಮಳೆನೀರು ಹರಿದುಹೋಗಲು ಇರುವ ಸಣ್ಣ ರಂಧ್ರ ಧೂಳಿನಿಂದ ಕಟ್ಟಿಕೊಂಡು, ನೀರು ಒಳಗೆ ಜಿನುಗುತ್ತಿತ್ತು. ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಇದು ಇನ್ನಷ್ಟು ಕಾಡುತ್ತದೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಪಡೆದ ಇ20 ಇಂಧನದಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ತೇವವನ್ನು ಹೀರಿಕೊಳ್ಳುತ್ತದೆ. ನೀರು ಮಿತಿಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಪಂಪಿನ ಜಾಲರಿ ಇರುವುದೂ ಅಲ್ಲಿಯೇ.

ಬಿಚ್ಚುವ ಮೊದಲು

ದನಿಯೇ ಇಲ್ಲದಿದ್ದರೆ ಮೊದಲು ಫ್ಯೂಸ್, ರಿಲೇ, ಬ್ಯಾಟರಿ ಮತ್ತು ಹ್ಯಾಂಡಲಿನಲ್ಲಿ ಎಂಜಿನ್ ನಿಲ್ಲಿಸಲು ಇರುವ ಕೆಂಪು ಸ್ವಿಚ್ ನೋಡಿ. ದನಿ ಇದ್ದೂ ಏರಿನಲ್ಲಿ ಅಥವಾ ವೇಗದಲ್ಲಿ ಮಾತ್ರ ಬೈಕ್ ಸೋಲುತ್ತಿದ್ದರೆ ಫಿಲ್ಟರ್ ಕಟ್ಟಿರುವ ಸಂಭವ ಹೆಚ್ಚು. ಕೆಲವು ಮಾದರಿಗಳಿಗೆ ಫಿಲ್ಟರ್ ಬಿಡಿಯಾಗಿ ಸಿಗುತ್ತದೆ, ಕೆಲವಕ್ಕೆ ಪಂಪಿನ ಇಡೀ ಜೋಡಣೆಯನ್ನೇ ಕೊಳ್ಳಬೇಕು. ಅಂಗಡಿಗೆ ಹೋಗುವಾಗ ಬೈಕಿನ ಮಾದರಿ, ತಯಾರಾದ ವರ್ಷ ಎರಡನ್ನೂ ಬರೆದುಕೊಂಡು ಹೋಗಿ. ಪಂಪನ್ನು ಟ್ಯಾಂಕಿನ ತಳಕ್ಕೆ ಹಿಡಿದಿಡುವ ತಟ್ಟೆಯ ಕೆಳಗೆ ಬರುವ ರಬ್ಬರ್ ರಿಂಗನ್ನು ಮರೆಯದೆ ಹೊಸದೇ ತನ್ನಿ.

ಕೆಲಸ ಬಯಲಿನಲ್ಲಿ, ಎಂಜಿನ್ ಪೂರ್ತಿ ತಣ್ಣಗಿರುವಾಗ ಆಗಬೇಕು. ದೇವರ ದೀಪ ಉರಿಯುವ ಕೋಣೆಯ ಪಕ್ಕ, ಗ್ಯಾಸ್ ಗೀಸರ್ ಇರುವ ಗೋಡೆಯ ಬಳಿ ಖಂಡಿತ ಬೇಡ. ಪೆಟ್ರೋಲಿನ ಆವಿ ನೆಲಕ್ಕಂಟಿಕೊಂಡು ದೂರದ ಕಿಡಿಯ ತನಕ ಹರಿದುಹೋಗುತ್ತದೆ.

ಬಿಚ್ಚುವ ಕ್ರಮ

ಟ್ಯಾಂಕಿನಲ್ಲಿ ಪೆಟ್ರೋಲ್ ಆದಷ್ಟು ಕಡಿಮೆ ಇರಲಿ. ಸೀಟು ತೆಗೆದು, ಪಂಪಿನ ವೈರಿನ ಕನೆಕ್ಟರ್ ಬಿಡಿಸಿ, ಎಂಜಿನ್ ಸ್ಟಾರ್ಟ್ ಮಾಡಿ. ಪೈಪಿನಲ್ಲಿ ಉಳಿದ ಪೆಟ್ರೋಲ್ ಖಾಲಿಯಾದಾಗ ಅದು ತಾನಾಗಿಯೇ ನಿಲ್ಲುತ್ತದೆ. ಒತ್ತಡ ಇಳಿಸಲು ಇದು ಸುಲಭದ ದಾರಿ. ಎಂಜಿನ್ ತಣಿದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಬಿಡಿಸಿ. ಪೈಪಿನ ಕ್ಲಿಪ್ಪಿಗೆ ಬಟ್ಟೆ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ನಿಧಾನವಾಗಿ ಕಳಚಿ. ಕೊಂಚ ಪೆಟ್ರೋಲ್ ಚಿಮ್ಮಿಯೇ ಚಿಮ್ಮುತ್ತದೆ. ಟ್ಯಾಂಕಿನ ಬೋಲ್ಟ್ ಬಿಚ್ಚಿ, ಉಳಿದ ಪೆಟ್ರೋಲನ್ನು ಇಂಧನಕ್ಕೆಂದೇ ಇರುವ ಕ್ಯಾನಿಗೆ ಸುರಿದು, ಹಳೆಯ ಕಂಬಳಿಯ ಮೇಲೆ ಟ್ಯಾಂಕನ್ನು ಬೋರಲು ಹಾಕಿ.

ತಟ್ಟೆಯ ಸುತ್ತಲಿನ ಧೂಳನ್ನು ಬ್ರಷ್‌ನಿಂದ ಗುಡಿಸಿದ ಮೇಲೆಯೇ ನಟ್‌ಗೆ ಸ್ಪ್ಯಾನರ್ ಇಡಿ, ಇಲ್ಲವಾದರೆ ಆ ಮಣ್ಣೆಲ್ಲ ಒಳಗೆ ಬೀಳುತ್ತದೆ. ಪಂಪ್ ಯಾವ ಮುಖಕ್ಕೆ ಕುಳಿತಿದೆ ಎಂದು ಒಂದು ಫೋಟೊ ತೆಗೆದುಕೊಳ್ಳಿ. ಅದನ್ನು ನೇರವಾಗಿ ಎಳೆಯಬೇಡಿ. ಪೆಟ್ರೋಲ್ ಮಟ್ಟ ತೋರಿಸುವ ತೇಲುಬುರುಡೆಯ ಕಡ್ಡಿ ಬಾಗಿದರೆ ಮೀಟರ್ ತಪ್ಪು ತೋರಿಸುತ್ತದೆ. ಸ್ವಲ್ಪ ಓರೆ ಮಾಡಿ, ಕಡ್ಡಿಗೆ ದಾರಿ ಬಿಡುತ್ತಾ ಎತ್ತಿ.

ಈಗ ಟ್ಯಾಂಕಿಗೆ ಒಂದು ಲೀಟರ್ ಪೆಟ್ರೋಲ್ ಹಾಕಿ ಕುಲುಕಿ, ಬಿಳಿ ಬಟ್ಟೆಯ ಮೂಲಕ ಹೊರಗೆ ಸುರಿಯಿರಿ. ಬಟ್ಟೆಯ ಮೇಲೆ ಕಣ ಕಾಣದಾಗುವ ತನಕ ಇದನ್ನೇ ಮಾಡಿ. ಬೇಸರದ ಕೆಲಸ ಹೌದು, ಆದರೆ ಇದನ್ನು ಬಿಟ್ಟರೆ ಹೊಸ ಪಂಪಿಗೆ ಹಾಕಿದ ಹಣ ನೀರುಪಾಲು. ಬಟ್ಟೆ ಬಿಳಿಯಾದ ಮೇಲೆ ಮುಚ್ಚಳದ ರಂಧ್ರಕ್ಕೆ ತೆಳು ತಂತಿ ಆಡಿಸಿ.

ಹೆಚ್ಚು ಶಕ್ತಿಯ ಪಂಪ್ ಹಾಕಿದರೆ ಬೈಕ್ ಜೋರಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ಬೈಕ್ ಕಂಪನಿಯಿಂದ ಬಂದ ಹಾಗೆಯೇ ಇದ್ದರೆ ಅದರಿಂದ ಲಾಭವಿಲ್ಲ, ಹೆಚ್ಚಾದ ಪೆಟ್ರೋಲನ್ನು ಒತ್ತಡದ ನಿಯಂತ್ರಕ ಟ್ಯಾಂಕಿಗೇ ವಾಪಸು ಬಿಡುತ್ತದೆ. ಹಣ ಹಾಕುವುದಾದರೆ ಟ್ಯಾಂಕಿನೊಳಗಿನ ತುಂಡು ಪೈಪಿಗೆ ಹಾಕಿ. ಹೊರಗೆ ಬಳಸುವ ಮಾಮೂಲಿ ಪೈಪ್ ಪೆಟ್ರೋಲಿನಲ್ಲಿ ಮುಳುಗಿದ್ದರೆ ಉಬ್ಬಿ ಸೀಳುತ್ತದೆ. ಮುಳುಗಿರಲೆಂದೇ ತಯಾರಿಸಿದ ಪೈಪನ್ನು ಕೇಳಿ ತೆಗೆದುಕೊಳ್ಳಿ.

ಜೋಡಿಸುವಾಗ

ಹೊಸ ರಿಂಗ್ ತನ್ನ ತೋಡಿನಲ್ಲಿ ತಿರುಚಿಕೊಳ್ಳದೆ ಕೂರಬೇಕು. ನಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ. ಎಷ್ಟು ಬಿಗಿ ಎಂಬುದು ಬೈಕಿನ ಸರ್ವಿಸ್ ಪುಸ್ತಕದಲ್ಲಿದೆ, ಕೈಬಲ ತೋರಿಸಿದರೆ ತಟ್ಟೆ ಸೊಟ್ಟಗಾಗುತ್ತದೆ. ಟ್ಯಾಂಕ್ ಕೂರಿಸಿ, ಪೈಪ್ ‘ಟಕ್’ ಎನ್ನುವಂತೆ ಸಿಕ್ಕಿಸಿ, ವೈರುಗಳನ್ನು ಜೋಡಿಸಿ. ಮೂರು ಲೀಟರ್ ಪೆಟ್ರೋಲ್ ಹಾಕಿ, ಸ್ಟಾರ್ಟ್ ಮಾಡದೆ ಕೀಲಿಯನ್ನು ಮೂರು ನಾಲ್ಕು ಬಾರಿ ತಿರುಗಿಸಿ ನಿಲ್ಲಿಸಿ. ಪ್ರತಿ ಸಲವೂ ‘ಝುಂ’ ಕೇಳಬೇಕು, ಪೈಪಿನಲ್ಲಿ ಒತ್ತಡ ತುಂಬುವುದು ಹೀಗೆ. ಬಳಿಕ ತಟ್ಟೆಯ ಸುತ್ತ, ಪೈಪಿನ ತುದಿಯಲ್ಲಿ ಒಣ ಬಟ್ಟೆ ಆಡಿಸಿ ನೋಡಿ. ಒದ್ದೆಯಾಗದಿದ್ದರೆ ಮಾತ್ರ ಎಂಜಿನ್ ಸ್ಟಾರ್ಟ್ ಮಾಡಿ.

ಬಂಕಿಗೆ ಹೋಗಿ ಟ್ಯಾಂಕ್ ತುಂಬಿಸಿದ ದಿನ ಇನ್ನೊಮ್ಮೆ ಅದೇ ಬಟ್ಟೆ ಆಡಿಸಿ. ಮೂರು ಲೀಟರಿಗೆ ಕಾಣದ ಜಿನುಗು ತುಂಬಿದ ಟ್ಯಾಂಕಿನ ಭಾರಕ್ಕೆ ಕಾಣಿಸಿಕೊಳ್ಳಬಹುದು.